ಉದ್ದುದ್ದ ಹಾಸಿದ ಹಲಗೆಗಳು

ಅಳಿವೆಯ ನಡುವೆ ಹಾಯುವ ಮರದ ಕಾಲುದಾರಿಯ ಗೇಟಿನಲ್ಲಿ ಟಿಕೆಟ್ ಹರಿದು ಕೊಡುವ ಕೆಲಸ ನನ್ನದು. ಹನ್ನೊಂದು ವರ್ಷವಾಯಿತು. ಬಂದವರೆಲ್ಲ ಹಕ್ಕಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಕಾಲ ಕೆಳಗಿನ ಹಲಗೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡುತ್ತಿದ್ದವನು ಒಬ್ಬನೇ, ಅದನ್ನು ಹಾಸಿದ ಬಡಗಿ. ನಾವೆಲ್ಲ ಅವನನ್ನು ಹಲಗೆಯಣ್ಣ ಎನ್ನುತ್ತಿದ್ದೆವು. ದಿನಾ ಬೆಳಿಗ್ಗೆ ಸುತ್ತಿಗೆಯಿಂದ ಒಂದೊಂದೇ ಹಲಗೆ ತಟ್ಟಿ, ಕಿವಿಗೊಟ್ಟು ಕೇಳಿ, ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ. "ಡಾಕ್ಟರ್ ರೌಂಡ್ಸ್ ಮುಗೀತಾ?" ಎಂದು ಕಿಚಾಯಿಸಿದರೆ, "ತುಳಿಸ್ಕೊಂಡೇ ಬದುಕೋ ರೋಗಿಗಳಮ್ಮ, ಪಾಪ" ಎನ್ನುತ್ತಿದ್ದ.

ಅವನನ್ನು ಸಾಕಿದ್ದು ಅಕ್ಕ. ತಾಯಿ ಹೋದಾಗ ಅವಳಿಗೆ ಹದಿನೇಳು, ಇವನಿಗೆ ಆರು. ಹೊಲಿಗೆ ಮೆಷಿನ್ ತುಳಿದೇ ಇವನನ್ನು ದೊಡ್ಡವನನ್ನಾಗಿ ಮಾಡಿದಳು, ಮೊದಲ ಉಳಿ ಕೊಡಿಸಿದಳು, ತನ್ನ ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿದಳು. ತುಳಿದು ತುಳಿದು ಕಡೆಗೆ ಮೊಣಕಾಲೇ ಕೈಕೊಟ್ಟು ಗಾಲಿಕುರ್ಚಿ ಹಿಡಿದಳು. ಅವಳಿಗಿದ್ದ ಆಸೆ ಒಂದೇ: ಹೊಳೆ ಸಮುದ್ರ ಸೇರುವ ಜಾಗ ನೋಡಬೇಕು. ತಮ್ಮ ದಾರಿ ಹಾಕಿದ್ದೂ ಅಲ್ಲಿಗೇ ತಾನೆ? "ಕೆಲ್ಸ ಪೂರ್ತಿ ಮುಗೀಲಿ ಅಕ್ಕಾ, ಕರ್ಕೊಂಡು ಹೋಗ್ತೀನಿ" ಎಂದು ಇವನು ಎಂಟು ವರ್ಷ ತಳ್ಳಿದ. ಎಲ್ಲೋ ಒಂದು ಹಲಗೆ ಸದಾ ಸಡಿಲ. ಅಂಥ ಕೆಲಸ ಮುಗಿಯುವುದುಂಟೇ?

ಕೊನೆಯ ನಲವತ್ತು ಹೆಜ್ಜೆ ದಾರಿಯನ್ನು ಹೊಸದಾಗಿ ಹಾಸುವಾಗ ಒಳ್ಳೆಯ ಮರ ಬಂತು. ಹನ್ನೆರಡಡಿ ಉದ್ದ, ಒಂದೇ ಒಂದು ಗಂಟಿಲ್ಲ. ಉಳಿದ ಕಡೆಯಂತೆ ತುಂಡು ಮಾಡಿ ಅಡ್ಡಡ್ಡ ಹಾಸಬೇಕಿತ್ತು. ಇವನಿಗೆ ಮನಸ್ಸು ಬರಲಿಲ್ಲ. "ಇಂಥಾ ಮರಕ್ಕೆ ಗರಗಸ ಇಟ್ರೆ ಪಾಪ ಸುತ್ಕೊಳ್ಳುತ್ತೆ" ಎಂದು ನಡೆಯುವ ದಿಕ್ಕಿಗೇ ಉದ್ದುದ್ದ ಹಾಸಿದ. ನೀರಿಗೆ ಮರ ಉಬ್ಬುತ್ತದಲ್ಲ, ಅದಕ್ಕೆಂದು ನಡುನಡುವೆ ಬೆರಳಗಲ ಸಂದು ಬಿಟ್ಟ. ನೋಡಲು ಬಹಳ ಚೆಂದವಿತ್ತು. ನಾನೂ ಹೊಗಳಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಒಂದು ದಿನ ಅಕ್ಕನನ್ನು ಕರೆತಂದ. ತಾನೇ ಕೈಸೂಜಿಯಲ್ಲಿ ಹೊಲಿದ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಳು. ನಾನೂ ಕೌಂಟರ್ ಮುಚ್ಚಿ ಜೊತೆಗೆ ಹೋದೆ. ಅಡ್ಡ ಹಲಗೆಗಳ ಮೇಲೆ ಕುರ್ಚಿ ಟಕಟಕ ಎಂದು ಓಡಿತು. ಉದ್ದ ಹಲಗೆಗಳು ಶುರುವಾದದ್ದೇ ತಡ, ಮುಂದಿನ ಚಿಕ್ಕ ಗಾಲಿ ಸಂದಿಗಿಳಿದು ಸಿಕ್ಕಿಬಿತ್ತು. ನಾನು ಮಂಡಿಯೂರಿ ಬಿಡಿಸಿದೆ. ತಳ್ಳಿದರೆ ಮತ್ತೆ ಸಿಕ್ಕಿತು. ಹಲಗೆಯಣ್ಣನ ಮುಖ ಕಪ್ಪಿಟ್ಟಿತು.

"ಬಾ ಅಕ್ಕಾ, ಎತ್ಕೊಂಡು ಹೋಗ್ತೀನಿ."

"ನಾನೇನು ಮೂಟೆನೇನೋ?" ಅಕ್ಕ ನಕ್ಕಳು. ದಾರಿಯಂಚಿಗೆ ಎದೆಯೆತ್ತರ ಬೆಳೆದಿದ್ದ ಪೊದೆಗಳ ಕಡೆ ಕತ್ತು ಚಾಚಿ, "ಇಲ್ಲಿಂದಲೇ ಕಾಣ್ತಿದೆ ಕಣೋ. ನೀನು ಹೇಳ್ತಿದ್ದ ಬಿಳೀ ಗೆರೆ ಅದೇ ತಾನೆ, ಅಲೆ ಒಡೆಯೋದು? ಅಬ್ಬಾ, ಎಷ್ಟು ಚೆನ್ನಾಗಿದೆ! ಸಾಕು, ನಡಿ" ಎಂದಳು.

ನಿಂತಿದ್ದ ಅವನಿಗೆ ಗೆರೆ ಕಾಣುತ್ತಿತ್ತು. ನಂಬಿದ. "ನಮ್ಮಕ್ಕ ನೋಡಿದ್ಲು" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಮೂರು ತಿಂಗಳಿಗೆ ಅಕ್ಕ ತೀರಿಕೊಂಡಳು.

ಕೆಲವು ದಿನಗಳ ಮೇಲೆ ಅವನು ಗರಗಸ ತಂದು, ಆ ಚೆಂದದ ಹಲಗೆಗಳನ್ನು ಕಿತ್ತು, ಕೊಯ್ದು, ಅಡ್ಡ ಹಾಸತೊಡಗಿದ. ಮಧ್ಯಾಹ್ನ ಊಟಕ್ಕೆಂದು, ಕುರ್ಚಿ ನಿಂತಿದ್ದ ಜಾಗದಲ್ಲೇ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತ. ಎಷ್ಟು ಹೊತ್ತಾದರೂ ಡಬ್ಬಿ ಬಿಚ್ಚಲಿಲ್ಲ. ನಾನು ನೀರು ಕೊಡಲು ಹೋದಾಗ ಕೇಳಿದ:

"ಇಲ್ಲಿ ಕೂತ್ರೆ ಬರೀ ಎಲೆ ಕಾಣುತ್ತಮ್ಮ. ಅವತ್ತು ಗಾಲಿ ಬಿಡಿಸೋಕೆ ನೀನೂ ಬಗ್ಗಿದ್ಯಲ್ಲ. ನಿಂಗೆ ಆ ಗೆರೆ ಕಾಣಿಸ್ತಾ?"

ಪೊದೆ ಈಗ ಬೆಳೆದಿದೆ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವತ್ತು ನನಗೂ ಕಂಡದ್ದು ಎಲೆಯೇ. ಅಕ್ಕನ ಮಾತು ಕೇಳಿ ನಾನು ಮಂಡಿಯೂರಿದ್ದಲ್ಲಿಂದಲೇ ತಲೆ ಎತ್ತಿದ್ದೆ. ಅವಳು ಹೇಳಬೇಡ ಎಂಬಂತೆ ನನ್ನನ್ನೇ ನೋಡುತ್ತಿದ್ದಳು. ನಾನು ದೊಡ್ಡ ಜಾಣೆಯ ಹಾಗೆ ಸುಮ್ಮನಾಗಿದ್ದೆ.

"ಇಲ್ಲ ಅಣ್ಣಾ" ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಅವತ್ತೇ ಹೇಳಿದ್ರೆ ಎತ್ಕೊಂಡೇ ಹೋಗ್ತಿದ್ದೆ, ಅವಳು ಎಷ್ಟೇ ಕೂಗಾಡಿದ್ರೂ. ನಲವತ್ತೇ ಹೆಜ್ಜೆ" ಎಂದು ಗರಗಸ ಎತ್ತಿಕೊಂಡ.

ಈಗ ಗಾಲಿಕುರ್ಚಿಯವರೂ ಕೊನೆಯವರೆಗೆ ಸಲೀಸಾಗಿ ಹೋಗಿಬರುತ್ತಾರೆ. ಅವರಿಗೆ ಟಿಕೆಟ್ ಕೊಡುವಾಗ ನನಗೆ ತಲೆ ಎತ್ತಲಾಗುವುದಿಲ್ಲ.