ರಾಚಯ್ಯನ ಐಸ್ ಡಬ್ಬ ಮತ್ತು ಐದು ಬಾವಿಗಳ ನೀರು

ಚಿಕ್ಕಯ್ಯನಛತ್ರದ ರಾಚಯ್ಯನಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ತಿಂಗಳಿಗೆ ಒಂದೇ ದಿನದ ಕೆಲಸ, ಆದರೂ ಸರ್ಕಾರಿ ಕೆಲಸ. ಅದಕ್ಕೆ ಬೇಕಾಗಿದ್ದ ಅರ್ಹತೆ ಅವನ ಸೈಕಲ್ಲಿನ ಕ್ಯಾರಿಯರ್ ಮೇಲಿತ್ತು: ಐಸ್‌ಕ್ಯಾಂಡಿ ಡಬ್ಬ.

ಊರಾಚೆಯ ಹಳೇ ಕಲ್ಲುಗಣಿಯೊಂದರಲ್ಲಿ ಹತ್ತು ವರ್ಷ ಪೇಟೆಯ ಕಸ ಸುರಿದಿದ್ದರು. ೨೦೦೧ರಲ್ಲಿ ಅದನ್ನು ಮಣ್ಣು ಹಾಕಿ ಮುಚ್ಚಿದರು. ಕಸದ ರಸ ಕೆಳಗಿಳಿದು ಅಂತರ್ಜಲ ಸೇರುತ್ತಿದೆಯೇ ಎಂದು ನೋಡಲು ಸುತ್ತಲಿನ ಐದು ಕಡೆಯ ನೀರನ್ನು ಪ್ರತಿ ತಿಂಗಳೂ ಮೈಸೂರಿನ ಲ್ಯಾಬಿಗೆ ಕಳಿಸಬೇಕಿತ್ತು, ಅದೂ ತಣ್ಣಗೆ. ಇದನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಯಲ್ಲಿ ಜೀಪಿತ್ತು, ಡ್ರೈವರ್ ಇದ್ದ, ಬಾಟಲಿಗಳಿದ್ದವು. ಐಸ್ ಪೆಟ್ಟಿಗೆ ಇರಲಿಲ್ಲ.

ಈ ಕೆಲಸ ವಹಿಸಿಕೊಂಡಿದ್ದ ಸಂಘಮಿತ್ರಾ ಮೇಡಂ ತಗಡೂರಿನವರು. ಒಂದು ಮಧ್ಯಾಹ್ನ ಬಿಸಿಲಿಗೆ ಸೋತು ರಾಚಯ್ಯನ ಹತ್ತಿರ ಕ್ಯಾಂಡಿ ಕೊಂಡವರು ಡಬ್ಬದೊಳಗೆ ಇಣುಕಿದರು.

"ಇದ್ರಲ್ಲಿ ಐಸು ಎಷ್ಟೊತ್ತು ಇರುತ್ತೆ ರಾಚಯ್ಯನವರೇ?"

"ಸಂಜೆಗಂಟ ಇರ್ತದೆ ಮೇಡಮ್ಮೋರೆ. ಹೆಮ್ಮರಗಾಲಕ್ಕೆ ಓಗ್ಬುಟ್ಟು ಬಂದ್ರೂ ಕರಗಕಿಲ್ಲ."

ಹಾಗೆ ಕೆಲಸ ಸಿಕ್ಕಿತು. ನೀರು ತುಂಬುವ ದಿನ ರಾಚಯ್ಯ ಇಸ್ತ್ರಿ ಶರ್ಟು ಹಾಕುತ್ತಿದ್ದ. ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು, ಕಂಠದವರೆಗೆ ತುಂಬಿ, ನಂಬರ್ ಚೀಟಿ ಅಂಟಿಸುತ್ತಿದ್ದ. ಸೈಕಲ್ಲಿನ ಹಾರನ್ ಒತ್ತುತ್ತಲೇ ಇರಲಿಲ್ಲ. ಆದರೂ ಮಕ್ಕಳು ಓಡಿಬರುತ್ತಿದ್ದವು.

"ಇವತ್ತು ಡೂಟಿ ಕಣ್ರಲಾ, ಕ್ಯಾಂಡಿ ಇಲ್ಲ!"

ಮಕ್ಕಳು ಮುಖ ಸಣ್ಣಗೆ ಮಾಡುವುದನ್ನು ಅವನಿಂದ ನೋಡಲಾಗಲಿಲ್ಲ. ಮೂರನೇ ತಿಂಗಳಿಂದ ಬಾಟಲಿಗಳ ಪಕ್ಕದಲ್ಲೇ ಇಪ್ಪತ್ತು ಕ್ಯಾಂಡಿಗಳೂ ಹೊರಟವು.

ಏಪ್ರಿಲ್ ವರದಿ ಬಂದಾಗ ಕಚೇರಿ ತಲ್ಲಣಿಸಿತು. ಮೂರನೇ ಬಾವಿಯ ನೀರು ಕಿತ್ತಳೆ ಬಣ್ಣ! ಯಾರೋ ಬಣ್ಣದ ಡ್ರಮ್ಮುಗಳನ್ನು ಕಸದಲ್ಲಿ ಹೂತಿರಬೇಕು ಎಂದುಕೊಂಡು ಇಂಜಿನಿಯರ್ ಶಂಭುಲಿಂಗಪ್ಪ ಎರಡು ಜೀಪು, ಒಂದು ಪಂಪಿನೊಂದಿಗೆ ಬಂದಿಳಿದರು. ಬಾವಿ ಚಲುವಯ್ಯನದು. ಊರೇ ಅಲ್ಲಿ ನೆರೆಯಿತು. ಆರು ತಾಸು ನೀರೆತ್ತಿದರೂ ಬಣ್ಣ ಕಾಣಲಿಲ್ಲ. ಚಲುವಯ್ಯನ ಹೆಂಡತಿ ಹೋದ ವರ್ಷ ಕಳೆದುಕೊಂಡಿದ್ದ ಕೊಡ ಸಿಕ್ಕಿತು.

ಇಂಜಿನಿಯರ್ ವರದಿಯನ್ನು ಮತ್ತೆ ಬಿಡಿಸಿ ಗಟ್ಟಿಯಾಗಿ ಓದಿದರು. "ಸಕ್ಕರೆ ಅಂಶ ಹೆಚ್ಚು ಅಂತಾನೂ ಬರೆದಿದ್ದಾರೆ."

ಚಲುವಯ್ಯ ಎದೆಯುಬ್ಬಿಸಿದ. "ನಮ್ದು ಸೀ ನೀರು ಅಂತ ಮೊದ್ಲಿಂದ್ಲೂ ಯೋಳ್ತಾನೇ ಇವ್ನಿ ಸಾ. ಈಗ ಸರ್ಕಾರದೋರೂ ಒಪ್ಕೊಂಡವ್ರೆ."

"ಏಲಕ್ಕಿ ವಾಸನೆ," ಎಂದು ಇಂಜಿನಿಯರ್ ಮುಂದೆ ಓದಿದರು.

ರಾಚಯ್ಯ ಗುಂಪಿನಿಂದ ಮುಂದೆ ಬಂದ. ಕ್ಯಾಂಡಿಯ ಪಾಕಕ್ಕೆ ಏಲಕ್ಕಿ ಕುಟ್ಟಿ ಹಾಕುತ್ತಿದ್ದವಳು ಅವನ ಹೆಂಡತಿ ಗುರುಬಸಮ್ಮ.

"ಸಾ... ಏಲಕ್ಕಿ ನಮ್ದು ಸಾ."

"ಏನ್ರೀ ನಿಮ್ದು?"

"ಬಣ್ಣನೂ ನಮ್ದೇ. ಮುಚ್ಳ ಸಡ್ಲ ಆಗಿತ್ತು ಅಂತ ಕಾಣ್ತದೆ, ಕ್ಯಾಂಡಿ ಕರಗಿ ಒಳಕ್ಕೆ ಓಗ್ಬುಟ್ಟದೆ."

ಸಂಘಮಿತ್ರಾ ಮೇಡಂ ಬೇಲಿಯ ಕಡೆ ತಿರುಗಿ ನಿಂತರು. ಅವರ ಭುಜಗಳು ಕುಲುಕುತ್ತಿದ್ದವು. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಜಿನಿಯರ್ ಒಬ್ಬರೇ ನಗಲಿಲ್ಲ. ಅಂದಿನಿಂದ ನೀರಿಗೆ ಬೇರೆ ಡಬ್ಬ, ಕ್ಯಾಂಡಿಗೆ ಬೇರೆ ದಿನ ಎಂದಾಯಿತು.

ಎರಡು ವರ್ಷದ ಮೇಲೆ ಐದನೇ ನಂಬರಿನ ನೀರು ನಿಜವಾಗಿಯೂ ಕೆಟ್ಟಿತು. ಅದು ಬಾಯಿಜೋರಿನ ಪಾಪಮ್ಮ ಇದ್ದ ಬೀದಿಯ ಬೋರ್‌ವೆಲ್ ಕೈಪಂಪು. ಸತತ ಮೂರು ತಿಂಗಳು, ಕಸದ ರಸ ಸೇರಿದ್ದಕ್ಕೆ ಗುರುತಾದ ಉಪ್ಪಿನ ಅಂಶ ಏರುತ್ತಲೇ ಹೋಯಿತು. ರಾಚಯ್ಯ ಮನೆಮನೆಗೆ ಹೋಗಿ, ಕುಡಿಯಬೇಡಿ ಎಂದ.

"ಉಪ್ಪಿನ ಕ್ಯಾಂಡಿ ಯಾವಾಗ್ಲಿಂದ ಮಾಡ್ತಿದ್ದೀಯೋ?" ಎಂದಳು ಪಾಪಮ್ಮ. ಬೀದಿಯವರೆಲ್ಲ ನಕ್ಕು ಕೊಡ ತುಂಬಿಕೊಂಡು ಹೋದರು. ಮೊದಲು ನಿನ್ನ ಡಬ್ಬ ತೊಳಿ ಎಂದು ಇಂಜಿನಿಯರ್ ಕೂಡ ಗದರಿದರು.

ರಾಚಯ್ಯನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಬೆಳಗಾಗುತ್ತಲೇ ಪಾಪಮ್ಮನ ಬಾಗಿಲಿಗೆ ಹೋದ.

"ಅಕ್ಕ, ನಾನು ಮುಟ್ಟಕಿಲ್ಲ. ನೀನೇ ತುಂಬ್ಸು, ನೀನೇ ಮೈಸೂರ್‌ಗೆ ತಗೊಂಡೋಗು."

ಪಾಪಮ್ಮ ತಾನೇ ಪಂಪು ಒತ್ತಿ ಬಾಟಲಿ ತುಂಬಿ, ಐಸು ತುಂಬಿದ ಹೊಸ ಡಬ್ಬದಲ್ಲಿಟ್ಟು, ಡಬ್ಬವನ್ನು ತೊಡೆಯ ಮೇಲೇ ಇಟ್ಟುಕೊಂಡು ಜೀಪಿನಲ್ಲಿ ಮೈಸೂರಿಗೆ ಹೊರಟಳು. ದಾರಿಯಲ್ಲಿ ಡ್ರೈವರ್ ಕೆಮ್ಮಿದರೂ ಮುಚ್ಚಳದ ಮೇಲೆ ಸೆರಗು ಹೊದಿಸುತ್ತಿದ್ದಳು. ಲ್ಯಾಬಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದಳು. ಉಪ್ಪು ಮೊದಲಿನಷ್ಟೇ ಬಂತು. ಊರಿಗೆ ಬಂದವಳೇ ಪಂಪಿನ ಹಿಡಿಗೆ ಹಗ್ಗ ಬಿಗಿದು, "ಯಾರಾದ್ರೂ ಮುಟ್ಟಿ ನೋಡಿ!" ಎಂದಳು. ಯಾರೂ ಮುಟ್ಟಲಿಲ್ಲ. ತಿಂಗಳೊಪ್ಪತ್ತಿನಲ್ಲಿ ದೂರದ ಬೋರಿನಿಂದ ಬೀದಿಗೆ ಪೈಪು ಬಂತು.

ಮುಂದಿನ ಸಲ ರಾಚಯ್ಯ ಬೀದಿಗೆ ಬಂದಾಗ ಪಾಪಮ್ಮ ತಲೆ ಬಾಚಿ, ಹೂ ಮುಡಿದು, ಗಂಟುಮೂಟೆಯೊಂದಿಗೆ ಜಗುಲಿಯ ಮೇಲೆ ಕೂತಿದ್ದಳು.

"ಎಲ್ಲಿಗಕ್ಕ?"

"ಮೈಸೂರ್‌ಗೆ ಕಣೋ. ತಿಂಗಳ ತಿಂಗಳ ಓಗ್ಬೇಕಲ್ವ?"

ರಾಚಯ್ಯ ನೀರಿನ ಡಬ್ಬವನ್ನು ಅವಳ ತೊಡೆಯ ಮೇಲಿಟ್ಟ. ಸಂಘಮಿತ್ರಾ ಮೇಡಂ ಜೀಪಿನಿಂದಿಳಿದು, ಅವಳ ಹೂವನ್ನೂ ಗಂಟನ್ನೂ ನೋಡಿ, ಮುಂದಿನ ಸೀಟು ಬಿಟ್ಟುಕೊಟ್ಟು ಹಿಂದೆ ಹೋಗಿ ಕೂತರು.