ಎಡಗೈ ಹುಡುಗಿಯ ಜಾಗ

ನಾಗೀ, ಅವತ್ತು ನಿನ್ನನ್ನು ಕರೆದಿದ್ದರು. ನನಗಿಂತ ಮೊದಲು ನಿನ್ನನ್ನೇ ಕೇಳಿದ್ದರು. ಸುಳ್ಳು ಹೇಳಿ ಆ ಜಾಗ ನುಂಗಿದವಳು ನಾನು — ನಿನ್ನ ಗೆಳತಿ ಮಾಲಿನಿ.

ಅತ್ತುಕೊಂಡು ಹೇಳುವ ಪೈಕಿಯವಳಲ್ಲ ನಾನು, ನಿನಗೇ ಗೊತ್ತು. ಕಾಲೇಜಿನಲ್ಲಿ ಇಬ್ಬರೂ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಲ. ಹೊನ್ನಾವರದಲ್ಲಿ ಸರ್ಕಾರಿ ಇಲಾಖೆಯ ತಂಡಕ್ಕೆ ಆಯ್ಕೆ ಪಂದ್ಯ ಮುಗಿದದ್ದೇ ನೀನು ಬೆವರೂ ಒರೆಸದೆ ಬಸ್ಸಿಗೆ ಓಡಿದೆ. ಅಘನಾಶಿನಿ ಹೊಳೆಯಲ್ಲಿ ನೀರು ಇಳಿಯುವ ಹೊತ್ತು; ಅದು ತಪ್ಪಿದರೆ ಆ ದಿನ ಕೆಸರಿನಲ್ಲಿ ಬಳಚು ಚಿಪ್ಪು ಹೆಕ್ಕುವ ಕೆಲಸ ಹೋಯಿತು. ಇತ್ತ ಆಯ್ಕೆಗಾರರು ನನ್ನನ್ನು ಕರೆದು ಕೇಳಿದರು: “ಆ ಎಡಗೈ ಹುಡುಗಿ ಎಲ್ಲಿ? ಒಂದೇ ಜಾಗ ಇದೆ, ಅವಳಿಗೆ ಕೊಡಬೇಕು.”

“ಅವ್ಳಿಗೆ ಮದ್ವೆ ಮಾತು ಮುಗ್ದದೆ ಸರ್. ಅವ್ಳು ಬರೂದಿಲ್ಲ.”

ನಿನಗೆ ಆಗ ಗಂಡು ನೋಡುವ ಸುದ್ದಿಯೇ ಇರಲಿಲ್ಲ. ಆದರೆ ಮಾತು ಮುಗಿದ ಹುಡುಗಿಯನ್ನು ನಮ್ಮ ಕಡೆ ಯಾರೂ ಪರವೂರಿಗೆ ಕಳಿಸುವುದಿಲ್ಲ — ಅವರು ಮರುಮಾತು ಕೇಳುವುದಿಲ್ಲವೆಂದು ಗೊತ್ತಿದ್ದೇ ಆ ಸುಳ್ಳನ್ನು ಆರಿಸಿಕೊಂಡೆ. ಬಾಯಿ ತಪ್ಪಿ ಬಂದದ್ದಲ್ಲ. ನಮ್ಮ ಮನೆಯ ಕಷ್ಟ ಹೇಳಿ ಜಾರಿಕೊಳ್ಳಬಹುದು. ಹೇಳುವುದಿಲ್ಲ.

ಆಮೇಲೆ ಇಲಾಖೆಯ ತಂಡ, ಸಂಬಳ, ಊರೂರು ಪಂದ್ಯ. ಮೊಣಕಾಲು ಕೈಕೊಡುವ ತನಕ ಆಡಿದೆ, ಚೆನ್ನಾಗಿಯೇ ಆಡಿದೆ. ಆ ಆಟಕ್ಕೆ ನಾಚಿಕೆ ಪಡು ಎಂದರೆ ಪಡಲಾರೆ. ಆದರೆ ನಾನು ರಜೆಗೆ ಬಂದಾಗ ನೀನು “ನಾ ಸಾಲ್ಲಿಲ್ಲ ಕಾಣ್ತದೆ ಅಲ್ದಾ?” ಎಂದು ಕೇಳಿದೆಯಲ್ಲ — ಹೌದೆಂದು ತಲೆಯಾಡಿಸಿದೆನಲ್ಲ — ಥೂ, ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ.

ಈಗ ಕುಮಟಾದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತೇನೆ. ನಿನ್ನ ಮಗಳು ದೀಪಾ ನನ್ನ ಕೈಗೇ ಬಂದಳು. ಅದೇ ಎಡಗೈ, ಅದೇ ಹಟ. ಅವಳನ್ನು ಬೆಂಗಳೂರಿನ ಶಿಬಿರಕ್ಕೆ ಕರೆದಿದ್ದಾರೆ. ಮೊನ್ನೆ ನಿನ್ನ ಒಪ್ಪಿಗೆ ಕೇಳಲು ಬಂದರೆ, ನೀನು ಕೆಸರಿನಲ್ಲಿ ಬಗ್ಗಿದವಳು ತಲೆಯೆತ್ತದೆ ಹೇಳಿದೆ: “ನಮ್ಗೆಲ್ಲ ಅದು ಆಗಿ ಬರೂದಿಲ್ಲ ಮಾಲೀ. ನಾನೂ ಆಡಿದ್ದೆ, ಎಂತ ಆತು? ಯಾರು ಕರದ್ರು? ಮಗ್ಳಿಗೆ ಸುಮ್ನೆ ಆಸೆ ಹಚ್ಬೇಡ, ಆತಾ?”

ಆತು ಎಂದು ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ. ಹೇಡಿ ನಾನು.

ಇಲ್ಲ ನಾಗೀ, ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಈ ಕಾಗದ. ನನ್ನ ಸುಳ್ಳು ನಿನ್ನ ಜಾಗ ತಿಂದದ್ದು ಸಾಕು, ಅವಳದ್ದನ್ನೂ ತಿನ್ನಲು ನಾನು ಬಿಡುವುದಿಲ್ಲ. ಪಾಪ ತೊಳೆದುಕೊಳ್ಳಲು ಅವಳನ್ನು ಕಳಿಸುತ್ತಿದ್ದೇನೆ ಎಂದುಕೊಳ್ಳಬೇಡ — ಅವಳು ನಮ್ಮಿಬ್ಬರಿಗಿಂತ ಚೆನ್ನಾಗಿ ಆಡುತ್ತಾಳೆ, ಅಷ್ಟೇ. ಕ್ಷಮಿಸು ಎಂದೂ ಕೇಳುವುದಿಲ್ಲ. ಕ್ಷಮಿಸಬೇಡ. ಊರಿಗೆಲ್ಲ ಹೇಳು, ನನ್ನ ಕೊರಳಿನ ಸೀಟಿ ಕಿತ್ತುಕೊಳ್ಳುವವರು ಕಿತ್ತುಕೊಳ್ಳಲಿ.

ಸೋಮವಾರ ಬೆಳಿಗ್ಗೆ ಬೆಂಗಳೂರಿನ ಬಸ್ಸು ಹೊರಡುವ ಹೊತ್ತಿಗೆ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಬೈಯಬೇಕೆಂದರೆ ಅಲ್ಲಿಗೇ ಬಾ, ಎಲ್ಲರೆದುರೇ ಬೈ. ಬರುವಾಗ ದೀಪಾಳನ್ನು ಕರೆದುಕೊಂಡು ಬಾ.