ತುತ್ತಿಡುವುದನ್ನು ಬಿಟ್ಟ ಪಾರವ್ವ

ಸುದ್ದಗುಂಟೆಪಾಳ್ಯದ ಒಂದು ಶಿಶುವಿಹಾರದಲ್ಲಿ ಮಕ್ಕಳಿಗೆ ಉಣಿಸುವುದೆಂದರೆ ಪಾರವ್ವನೇ. ಬಾಗಲಕೋಟೆ ಕಡೆಯಿಂದ ಗಂಡನ ಜೊತೆ ಬಂದವಳು, 2002ರಲ್ಲಿ ಅಲ್ಲಿ ಆಯಾ ಆಗಿ ಸೇರಿದ್ದಳು. ಮಧ್ಯಾಹ್ನ ಒಂಬತ್ತು ಮಕ್ಕಳನ್ನು ಸುತ್ತ ಕೂರಿಸಿಕೊಂಡು, ದೊಡ್ಡ ಬೋಗುಣಿಯಲ್ಲಿ ಅನ್ನ, ಸಾರು, ತುಪ್ಪ ಕಲೆಸಿ, ಸರದಿಯ ಮೇಲೆ ಒಬ್ಬೊಬ್ಬರ ಬಾಯಿಗೂ ತುತ್ತಿಡುವಳು. ಅವಳ ಅವ್ವ ಉಣಿಸುತ್ತಿದ್ದದ್ದೂ ಹೀಗೆಯೇ. ಬೋಗುಣಿಯ ತಳ ಕಾಣುವ ತನಕ ಒಂದು ಮಗುವೂ ಏಳುತ್ತಿರಲಿಲ್ಲ.

ಆ ಮಳೆಗಾಲ ಒಂದು ಮಗುವಿಗೆ ಭೇದಿ ಹತ್ತಿತು. ಮೂರು ದಿನದಲ್ಲಿ ಏಳು ಮಕ್ಕಳಿಗೆ ಹಬ್ಬಿತು. ವಾರದೊಳಗೆ ಎಲ್ಲರೂ ಚೇತರಿಸಿಕೊಂಡರು, ಆದರೆ ಶಿಶುವಿಹಾರ ನಡೆಸುತ್ತಿದ್ದ ನಿವೃತ್ತ ಟೀಚರ್ ಸೀತಾಲಕ್ಷ್ಮಿ ಪಾರವ್ವನನ್ನು ಅಡುಗೆಮನೆಗೆ ಕರೆದರು.

"ಒಂದೇ ಕೈ, ಒಂಬತ್ತು ಬಾಯಿ. ಕಾಯಿಲೆ ಹಂಗೇ ಹರಡಿದೆ ಪಾರವ್ವ. ಇನ್ಮೇಲೆ ಒಬ್ಬೊಬ್ರಿಗೂ ಬೇರೆ ತಟ್ಟೆ. ಸೋಪು ಹಾಕಿ ಕೈ ತೊಳ್ಸಿ, ಅವ್ರೇ ತಿನ್ಲಿ."

"ಎರಡು ವರ್ಷದ ಕೂಸು ತಾನ ಹೆಂಗ ಉಣ್ತೈತ್ರಿ ಮೇಡಂ?"

"ಅದನ್ನ ಕಲಿಸೋರು ನೀವೇ."

ಮಕ್ಕಳು ಕಾಯಿಲೆ ಬಿದ್ದದ್ದು ತನ್ನ ಕೈಯಿಂದಲೇ ಎಂಬುದು ಪಾರವ್ವನಿಗೆ ಆಗ ಅರಿವಾಯಿತು. ಮರುದಿನ ಬೋಗುಣಿಯ ಬದಲು ಒಂಬತ್ತು ತಟ್ಟೆ ಜೋಡಿಸಿದಳು.

ಎಂಟು ಮಕ್ಕಳು ಚೆಲ್ಲುತ್ತ, ಮೆತ್ತಿಕೊಳ್ಳುತ್ತ ಹೇಗೋ ಕಲಿತರು. ಎರಡು ವರ್ಷದ ಚಿರಂತ್ ಮಾತ್ರ ತಟ್ಟೆ ಮುಟ್ಟಲಿಲ್ಲ. ಬಾಯಿ ತೆರೆದು ಕಾಯುವನು, ಆಮೇಲೆ ಅಳುವನು. ಮಂಗಳವಾರ ಅವನ ತಾಯಿ ಮಧುಮತಿ ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತಳು.

"ಮಗು ಹಸ್ಕೊಂಡು ಮನೆಗೆ ಬರ್ತಿದೆ ಆಂಟಿ. ಶುಕ್ರವಾರದ ತನಕ ನೋಡ್ತೀನಿ. ಆಮೇಲೆ ಬೇರೆ ಕಡೆ ಸೇರಿಸ್ತೀನಿ," ಎಂದು ಸೀತಾಲಕ್ಷ್ಮಿಗೆ ಹೇಳಿದಳು.

ಬುಧವಾರ ಪಾರವ್ವನ ಕೈ ತುತ್ತು ಹಿಡಿದು ಅವನ ಬಾಯಿಯ ತನಕ ಹೋಯಿತು. ಯಾರೂ ನೋಡುತ್ತಿರಲಿಲ್ಲ. ಆದರೂ ಕೈ ಹಿಂದಕ್ಕೆ ತೆಗೆದುಕೊಂಡಳು. ಊಟವಾದ ಮೇಲೆ ಅದೇ ಹುಡುಗ ಅಂಗಳದಲ್ಲಿ ಉದುರಿದ ಹೂವಿನ ಎಸಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ಅವನಿಗೆ ಹೆಕ್ಕಲು ಬರುತ್ತದೆ, ಕಲೆಸಲು ಬರುವುದಿಲ್ಲ ಎಂದು ಪಾರವ್ವನಿಗೆ ಆಗ ಹೊಳೆಯಿತು.

ಗುರುವಾರ ಮೊಸರನ್ನವನ್ನು ಮೆತ್ತಗೆ ಹಿಸುಕಿ, ಚಿಕ್ಕ ಚಿಕ್ಕ ಉಂಡೆ ಮಾಡಿ ಅವನ ತಟ್ಟೆಯಲ್ಲಿಟ್ಟು, ಕೈ ಹಿಂದೆ ಕಟ್ಟಿ ಕೂತಳು.

"ನಾ ಇಡಂಗಿಲ್ಲಪಾ. ನಿನ್ ಕೈಗೇನು ಬ್ಯಾನಿ?"

ಪಕ್ಕದಲ್ಲಿದ್ದ ಮೂರು ವರ್ಷದ ಸಮನ್ವಿತಾ ಅವನನ್ನೇ ನೋಡಿ, "ಅವ್ನ ಕೈಲಿ ಬ್ಯಾಟ್ರಿ ಇಲ್ಲ," ಎಂದು ಅವನ ತಟ್ಟೆಗೆ ಕೈ ಚಾಚಿದಳು. ಚಿರಂತ್ ತಟ್ಟೆ ಎಳೆದುಕೊಂಡು ಒಂದು ಉಂಡೆ ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು.

ಶುಕ್ರವಾರ ಮಧ್ಯಾಹ್ನ ಮಧುಮತಿ ಹೇಳದೆ ಬಂದಳು. ಮಗನ ತಟ್ಟೆ ಖಾಲಿಯಾಗಿತ್ತು, ತಲೆಗೂದಲಿಗೂ ಮೊಸರು ಮೆತ್ತಿತ್ತು.

"ಯಾರು ತಿನ್ಸಿದ್ದು?"

"ಯಾರೂ ತಿನ್ಸಿಲ್ರಿ," ಎಂದಳು ಪಾರವ್ವ, ಬೆನ್ನು ನೆಟ್ಟಗೆ ಮಾಡಿ. "ತಾನ ಉಂಡಾನ."

ಮಧುಮತಿ ಮಗನ ತಲೆಯ ಮೊಸರು ಒರೆಸಿದಳು. "ಸೋಮವಾರದಿಂದ ಎರಡು ಅಂಗಿ ಜಾಸ್ತಿ ಕೊಟ್ ಕಳಿಸ್ತೀನಿ ಅಕ್ಕ," ಎಂದಳು.